ಪ್ರತಿ ಕಟ್‌ಗೂ ಮಗ್ಗದ ಸಪ್ಪಳ ಮುಗ್ಗರಿಸ್ತದೆ, ಏನು ಮಾಡಲಿ?

ಬೆಟಗೇರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಒಂದು ಕಿರುಚಿತ್ರ ಮಾಡಬೇಕು, 10 ನಿಮಿಷ ಮೀರುವಂತಿಲ್ಲ. ದೂರ ಎಲ್ಲೂ ಹೋಗದೆ ನಮ್ಮ ಮನೆಯ ಕುಣಿಮಗ್ಗವನ್ನೇ ತೆಗೆದಿದ್ದೇನೆ. ಅಪ್ಪ ನೇಯುತ್ತಾರೆ, ಅಜ್ಜಿ ಪಡಸಾಲೆಯಲ್ಲಿ ರಾಟಿ ಮುಂದೆ ಕೂತು ಕಂಡಿಕೆ (ಮಗ್ಗದಲ್ಲಿ ಆಚೀಚೆ ಓಡುವ ಲಾಳಿಯೊಳಗೆ ಕೂರುವ ನೂಲಿನ ಉರುಳೆ) ಸುತ್ತುತ್ತಾಳೆ. ಹುಟ್ಟಿದಾಗಿನಿಂದ ಆ ಸಪ್ಪಳದಲ್ಲೇ ಮಲಗಿ ಎದ್ದವಳು ನಾನು. ಅದನ್ನೇ ಸಿನಿಮಾ ಮಾಡಬೇಕು ಅನ್ನೋದು ಆಸೆ.

ನಾಲ್ಕು ದಿನ ಫೋನ್‌ನಲ್ಲಿ ಶೂಟ್ ಮಾಡಿದೆ, 4ಕೆ, 30 ಫ್ರೇಮ್. ಧ್ವನಿಗೆ ತಮ್ಮನ ಫೋನನ್ನು ಮಗ್ಗದ ಕಟ್ಟಿಗೆಗೆ ದಾರದಿಂದ ಕಟ್ಟಿ ರೆಕಾರ್ಡರ್ ಆನ್ ಮಾಡಿಟ್ಟಿದ್ದೆ. ಒಟ್ಟು 2 ಗಂಟೆ 40 ನಿಮಿಷದ ಫುಟೇಜ್ ಇದೆ. ಈಗಿನ ಕಟ್ 14 ನಿಮಿಷ 20 ಸೆಕೆಂಡ್. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ, 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್. ಎಡಿಟ್‌ಗೆ ಹಗುರಾದ ಸಣ್ಣ ನಕಲು (ಪ್ರಾಕ್ಸಿ) ಫೈಲ್ ಮಾಡಿಕೊಂಡ ಮೇಲೆ ಹೇಗೋ ನಡೀತಿದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಸಪ್ಪಳದ್ದು. ಮಗ್ಗ ಖಟ್-ಟಕ್, ಖಟ್-ಟಕ್ ಅಂತ ಒಂದೇ ನಡಿಗೆಯಲ್ಲಿ ಹೋಗ್ತಿರುತ್ತದೆ. ಅಪ್ಪನ ಕೈಯಿಂದ ಮುಖಕ್ಕೆ ಕಟ್ ಮಾಡಿದರೆ ಆ ನಡಿಗೆ ಅಲ್ಲೇ ಎಡವುತ್ತದೆ. ಕ್ರಾಸ್‌ಫೇಡ್ ಹಾಕಿದರೆ ಎರಡು ಮಗ್ಗ ಒಟ್ಟಿಗೆ ನಡೆದಂತೆ ಕೇಳುತ್ತದೆ. ಇನ್ನೊಂದು, ಉದ್ದನೆಯ ಕ್ಲಿಪ್‌ಗಳಲ್ಲಿ ತಮ್ಮನ ಫೋನಿನ ಧ್ವನಿ ಮೊದಲಿಗೆ ಸರಿಯಾಗಿ ಕೂಡುತ್ತದೆ, ಎಂಟು-ಹತ್ತು ನಿಮಿಷ ಆಗುವಷ್ಟರಲ್ಲಿ ಪೆಟ್ಟು ಬಿದ್ದ ಮೇಲೆ ಸಪ್ಪಳ ಬರುತ್ತದೆ. ಅಪ್ಪ ನೇಯುತ್ತಲೇ ಮಾತಾಡಿದ್ದು ಅರ್ಧ ಕೇಳಿಸುವುದೇ ಇಲ್ಲ. ನಾಯ್ಸ್ ರಿಡಕ್ಷನ್ ಹಾಕಿದರೆ ಅವರ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಟ್ಯೂಬ್‌ಲೈಟ್ ಉರೀತಿದ್ದ ಶಾಟ್‌ಗಳಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರೀತಾವೆ. ಟೈಟಲ್‌ನಲ್ಲಿ "ಮಗ್ಗ" ಅಂತ ಹೊಡೆದರೆ "ಮಗ್‌ಗ" ಅಂತ ಒಡೆದು ನಿಲ್ಲುತ್ತದೆ.

ಕೊನೆಯದು ತಾಂತ್ರಿಕ ಪ್ರಶ್ನೆ ಅಲ್ಲ. ಅಜ್ಜಿ ಕಂಡಿಕೆ ಸುತ್ತುವ ಒಂದೇ ಶಾಟ್ 3 ನಿಮಿಷ 40 ಸೆಕೆಂಡ್ ಇದೆ. ಒಂದೂ ಮಾತಿಲ್ಲ. ನಡುವೆ ಎಳೆ ಹರಿಯುತ್ತದೆ, ಬೆರಳಿಗೆ ಉಗುಳು ಹಚ್ಚಿ ಹೊಸೆದು ಕೂಡಿಸ್ತಾಳೆ, ಮತ್ತೆ ಸುತ್ತುತ್ತಾಳೆ. ಗೆಳತಿಯರು "ಬೋರ್, ತೆಗಿ" ಅಂದರು. ನನಗೆ ಅದೇ ಸಿನಿಮಾದ ಜೀವ ಅನಿಸುತ್ತದೆ. ಸಲ್ಲಿಸಲು ಇನ್ನು ಹನ್ನೊಂದು ದಿನ ಇದೆ.

ತಬಲಾ ಕಲಿಯುವವ, ಗದಗ

ಎಡಿಟಿಂಗ್ ನನಗೆ ಬರುವುದಿಲ್ಲ, ಲಯದ ಬಗ್ಗೆ ಮಾತ್ರ ಒಂದು ಮಾತು. ನಿಮ್ಮ ಬೇರೆ ಬೇರೆ ಟೇಕ್‌ಗಳಲ್ಲಿ ನಿಮಿಷಕ್ಕೆ ಎಷ್ಟು ಪೆಟ್ಟು ಬೀಳುತ್ತವೆ ಅಂತ ಎಣಿಸಿ ನೋಡಿ. ಬೆಳಗ್ಗೆ ತೆಗೆದದ್ದೂ ಮಧ್ಯಾಹ್ನ ಊಟದ ಮೇಲೆ ತೆಗೆದದ್ದೂ ಒಂದೇ ಲಯದಲ್ಲಿ ಇರುವುದಿಲ್ಲ ಅಂತ ನನ್ನ ಊಹೆ. ನಿಧಾನದ ವಿಲಂಬಿತವನ್ನೂ ಮಧ್ಯ ಲಯವನ್ನೂ ತುಂಡು ಮಾಡಿ ಜೋಡಿಸಿದರೆ ಯಾವ ಕಿವಿಗಾದರೂ ಮುಗ್ಗರಿಸಿದಂತೆಯೇ ಕೇಳುತ್ತದೆ. ಎಣಿಕೆ ಸಿಕ್ಕ ಮೇಲೆ ಒಂದೇ ಲಯದವುಗಳನ್ನು ಬೇರೆ ಬೇರೆ ಗುಂಪು ಮಾಡಿಟ್ಟುಕೊಳ್ಳಿ.

ಬೆಟಗೇರಿ ಹುಡುಗಿ

ಈಗಷ್ಟೇ ಎಣಿಸಿದೆ. ಬೆಳಗಿನ ಟೇಕ್‌ನಲ್ಲಿ 62, ಮಧ್ಯಾಹ್ನ 54! ಇಷ್ಟು ದಿನ ಆ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಉಣಕಲ್ ಕೆರಿ ದಂಡಿ

ತಂಗಿ, ನಾ ಹುಬ್ಬಳ್ಳಿಯೊಳಗ ಎಡಿಟಿಂಗ್ ಮಾಡ್ತೀನಿ. ಹೊಟ್ಟಿಗೆ ಲಗ್ನದ ವಿಡಿಯೊ, ಅದರ ನಡುವ ನನ್ನ ಸ್ವಂತದ ಸಣ್ಣ ಸಣ್ಣ ಸಾಕ್ಷ್ಯಚಿತ್ರ. ನೀ ಬರದಿದ್ದು ಎರಡು ಸಲ ಓದಿದೆ. ನಿನ್ನ ಮೊದಲನೇ ತೊಂದರಿ ಬಗೆಹರದ್ರ ಉಳದಿದ್ದರಾಗ ಅರ್ಧ ತಾವ ಬಗೆಹರೀತಾವ, ಅದಕ್ಕ ಅಲ್ಲೇ ಹೆಚ್ಚು ಹೊತ್ತು ನಿಲ್ತೀನಿ.

ನೀ ಮದ್ಲ ಚಿತ್ರ ಜೋಡಿಸಿ, ಅದರ ಬೆನ್ನಿಗೆ ಬಂದ ಸಪ್ಪಳನ ಹಂಗ ಬಿಟ್ಟೀದಿ. ಮಗ್ಗದ ಸಿನಿಮಾಕ್ಕ ಅದು ನಡಿಯಂಗಿಲ್ಲ. ನೇಕಾರರ ಮನಿ ಹುಡುಗಿ ನೀ, ನಿನಗ ಹಿಂಗ ಹೇಳಿದ್ರ ತಿಳೀತೈತಿ: ಸಪ್ಪಳ ಅಂದ್ರ ಹಾಸು (ಉದ್ದದ ಎಳಿ), ಚಿತ್ರ ಅಂದ್ರ ಹೊಕ್ಕು (ಅಡ್ಡ ಎಳಿ). ಹಾಸು ಮದ್ಲ ಬಿಗಿಯಾಗಿ ಕಟ್ಟಬೇಕು, ಆಮ್ಯಾಗ ಹೊಕ್ಕು ಹೊಡೀಬೇಕು. ನಿಮ್ಮಪ್ಪ ಎಲ್ಲೂ ನಿಲ್ಲದ ಭಾಳ ಹೊತ್ತು ನೇಯ್ದ ಒಂದ ಒಂದು ಟೇಕ್ ಹುಡುಕು. ಆರೇಳು ನಿಮಿಷದ್ದು ಸಿಗಬಹುದು. ಅದರ ಧ್ವನಿ ಅಷ್ಟನ್ನ ತಗೊಂಡು ಹೊಸಾ ಟೈಮ್‌ಲೈನಿನ ಕೆಳಗಿನ ಟ್ರ್ಯಾಕಿನ್ಯಾಗ ಇಡು, ಕೀಲಿ ಹಾಕು. ಬೆಳಗಿನ 62ರದ್ದು ಒಂದು, ಮಧ್ಯಾಹ್ನದ 54ರದ್ದು ಒಂದು, ಹಿಂಗ ಎರಡು ಹಾಸು ಮಾಡಿಕೊ. ಉಳದ ಕ್ಲಿಪ್‌ಗೋಳ ಸಪ್ಪಳ ಪೂರ್ತಿ ಬಂದ್ ಮಾಡು. ಈಗ ಚಿತ್ರ ಅದರ ಮ್ಯಾಲ ಕೂಡಸ್ತಾ ಹೋಗು. ಬೆಳಗಿನ ಕೈ ಬೆಳಗಿನ ಹಾಸಿನ ಮ್ಯಾಲ, ಮಧ್ಯಾಹ್ನದ್ದು ಮಧ್ಯಾಹ್ನದ್ದರ ಮ್ಯಾಲ. 54ನ್ನ ಎಳದು 62 ಮಾಡಾಕ ಹೋಗಬ್ಯಾಡ. ಅಷ್ಟು ಜೋರು ಮಾಡಿದ್ರ ಕೈ ಓಡೂದು ಯಾರ ಕಣ್ಣಿಗರೆ ಕಾಣ್ತೈತಿ.

ಹಣಿಗಿ (ಹೊಕ್ಕಿನ ಎಳಿ ಬಡದು ಕೂಡ್ರಸೂ ಬಾಚಣಿಕಿ) ಬಂದು ಬಡಿಯೂದು ಕಣ್ಣಿಗೆ ಕಾಣೂ ಶಾಟ್ ಇದ್ರ, ಬಡದ ಫ್ರೇಮ್ ಹುಡುಕಿ ಧ್ವನಿಯ ಅಲಿಯೊಳಗಿನ ಮೊನಿ ಮ್ಯಾಲ ಕೂಡ್ರಸು. ಮುಖ, ಕಾಲು, ಗ್ವಾಡಿ, ಕಿಡಕಿ, ಓಣಿ ಇದಕ್ಕೆಲ್ಲಾ ಅದರ ಗೊಡವಿ ಇಲ್ಲ, ಎಲ್ಲಿ ಬೇಕಾದಲ್ಲೆ ಇಡಬಹುದು. ಕಟ್ ಹೊಡಿಯೂದು ಪೆಟ್ಟು ಬಿದ್ದ ಫ್ರೇಮಿನ್ಯಾಗ ಬ್ಯಾಡ. ಪೆಟ್ಟಿಗಿಂತ ಎರಡು-ಮೂರು ಫ್ರೇಮ್ ಮದ್ಲ ಕಟ್ ಮಾಡು, ಹೊಸಾ ಶಾಟ್ ಬಂದ ಕೂಡ್ಲೆ ಪೆಟ್ಟು ಬೀಳಲಿ. ಪ್ರತಿ ಪೆಟ್ಟಿಗೂ ಕಟ್ ಬ್ಯಾಡ ಮತ್ತ, ಅದು ಜಾಹೀರಾತಿನಂಗ ಆಗ್ತೈತಿ.

ಹಂಗಾರ ಹೊತ್ತು ದಾಟಿಸೂದು ಎಲ್ಲೆ? ಮಗ್ಗನ ಹೇಳ್ತೈತಿ. ಕಂಡಿಕಿ ತೀರಿದಾಗ ನಿಮ್ಮಪ್ಪ ನಿಲ್ತಾರ. ಎಳಿ ಹರದಾಗ ನಿಲ್ತಾರ. ಯಾರರೆ ಬಾಗಲಕ್ಕ ಬಂದ್ರ ನಿಲ್ತಾರ. ನಿನ್ನ ಫುಟೇಜಿನ್ಯಾಗ ಮಗ್ಗ ತಾನಾಗಿ ನಿಂತ ಜಾಗಾ ಅಷ್ಟೂ ಬರಕೊ. ಒಂದು ಹೊತ್ತಿನಿಂದ ಇನ್ನೊಂದಕ್ಕ ಅಲ್ಲೇ ದಾಟು, ಒಂದು ಹಾಸಿನಿಂದ ಇನ್ನೊಂದಕ್ಕೂ ಅಲ್ಲೇ. ಕಿವಿ ಅಲ್ಲೆ ತಕರಾರು ಮಾಡಂಗಿಲ್ಲ.

ಇನ್ನ ಧ್ವನಿ ಹಿಂದ ಬೀಳೂದು. ಫೋನು ಭಾಳ ಸಲ ಖರೇ 30 ಫ್ರೇಮ್ ಹಿಡಿಯಂಗಿಲ್ಲ. ಬೆಳಕು ಕಮ್ಮಿ ಆದ್ರ ಒಂದಿಷ್ಟು ಬಿಡ್ತೈತಿ, ಮತ್ತ ಹಿಡೀತೈತಿ. ಅದರಾಗ ತಮ್ಮನ ಫೋನಿನ ಗಡಿಯಾರ ಬ್ಯಾರೆ. ಮೀಡಿಯಾಇನ್ಫೊ ಅಂತ ಉಚಿತ ಸಾಫ್ಟ್‌ವೇರ್ ಐತಿ, ಅದರಾಗ ಕ್ಲಿಪ್ ತಗದು ನೋಡು, ಫ್ರೇಮ್‌ರೇಟ್ ಮೋಡ್ ಮುಂದ ವೇರಿಯಬಲ್ ಅಂತ ಇರ್ತೈತಿ. ಹ್ಯಾಂಡ್‌ಬ್ರೇಕ್ ಅನ್ನೂ ಇನ್ನೊಂದು ಸಾಫ್ಟ್‌ವೇರಿನ್ಯಾಗ ಹಾಕಿ ಕಾನ್‌ಸ್ಟಂಟ್ 30 ಮಾಡಿ ತಗಿ. ಎಲ್ಲಾ ಕ್ಲಿಪ್ ಮಾಡಿ ಲ್ಯಾಪ್‌ಟಾಪ್ ಸಾಯಿಸಬ್ಯಾಡ. ಅಪ್ಪ ಮಾತಾಡೂವು, ಹಣಿಗಿ ಎದುರಿಗೆ ಕಾಣೂವು, ಅಷ್ಟ ಸಾಕು. ಅದಾದ ಮ್ಯಾಲೂ ಉದ್ದನ ಕ್ಲಿಪ್ ಸ್ವಲ್ಪ ಜಾರಿದ್ರ, ಮಗ್ಗ ನಿಂತಲ್ಲೆ ಧ್ವನಿ ತುಂಡು ಮಾಡಿ ಸರಸು.

ಇಲ್ಲೊಂದು ಎಚ್ಚರ. ರಿಸಾಲ್ವ್‌ಗೆ ಅಲಿ ನೋಡಿ ತಾನ ಕೂಡಿಸು ಅಂದ್ರ, ಮಗ್ಗದ ಪೆಟ್ಟು ಎಲ್ಲಾ ಒಂದ ನಮೂನಿ ಇರೂದ್ರಿಂದ ಅದು ಒಂದು ಪೆಟ್ಟು ಆಚೀಚಿ ಕೂಡಿಸಿ ಕೂಡ್ತೈತಿ. ನೋಡಾಕ ಸರಿ ಅನಸ್ತೈತಿ, ತುಟಿ ಮಾತ್ರ ಕೂಡಂಗಿಲ್ಲ. ಎಳಿ ಹರದು ಮಗ್ಗ ನಿಂತು ಮತ್ತ ಶುರು ಆದ ಮೊದಲನೇ ಪೆಟ್ಟು ಹುಡುಕಿ ಕೈಲೆ ಕೂಡಿಸು. ಅದ ನಿನ್ನ ಕ್ಲ್ಯಾಪ್‌ಬೋರ್ಡ್.

ಅಪ್ಪನ ಮಾತು. ಮಗ್ಗದ ನಡುವಿನಿಂದ ದನಿ ಎತ್ತಿ ತಗಿಯೂ ಆಸೆ ಬಿಟ್ಟಬಿಡು. ಮುಂಜಾನಿ ಓಣ್ಯಾಗ ಬ್ಯಾರೆ ಮಗ್ಗ ಶುರು ಆಗೂದರ ಮದ್ಲ, ಮಗ್ಗ ಇರೂ ಅದ ಖೋಲಿಯೊಳಗ ಅಪ್ಪನ್ನ ಕೂಡ್ರಿಸಿ ಹೊಸದಾಗಿ ಧ್ವನಿ ತಗಿ. ಮನ್ಯಾಗಿನ ಕೌದಿ ಇದ್ದಷ್ಟೂ ತಗದು ಹಗ್ಗದ ಮ್ಯಾಲ ಹಾಕು, ಮೂರು ಕಡೆ ಗ್ವಾಡಿ ಆದಂಗ. ಹಳೀ ಸೀರಿ ಪದರು ಪದರು ಹೊಲದ ದಪ್ಪ ಕೌದಿ ಖೋಲಿಯ ಮಾರ್ದನಿ ಚೊಲೊ ಕುಡೀತೈತಿ, ನಾ ಇವತ್ತಿಗೂ ಅದನ್ನ ವಾಪರಸ್ತೀನಿ. ಫೋನು ಬಾಯಿಂದ ಒಂದು ಗೇಣು ದೂರ, ನೆಟ್ಟಗ ಎದುರಿಗೆ ಅಲ್ಲ, ಸ್ವಲ್ಪ ಬಾಜೂಕ. ಹಿಂದ ಹೇಳಿದ್ದನ್ನ ಬರದು ಓದಿಸಬ್ಯಾಡ, ಅದ ಪ್ರಶ್ನಿ ಮತ್ತ ಕೇಳು, ಅವರು ಏನು ಹೇಳ್ತಾರೊ ಹೇಳಲಿ. ಮುಗದ ಮ್ಯಾಲ ಒಂದು ನಿಮಿಷ ಎಲ್ಲಾರೂ ಸುಮ್ನ ಕೂತು ಆ ಖೋಲಿಯ ಬರೀ ಮೌನ ರೆಕಾರ್ಡ್ ಮಾಡಿಕೊ. ಮಾತಿನ ನಡುವ ತುಂಡು ಮಾಡಿದಲ್ಲೆ ತುಂಬಾಕ ಅದು ಬೇಕಾಗ್ತೈತಿ. ಮಾತು ಬರೂ ಮುಂದ ಹಾಸಿನ ಧ್ವನಿ 12-15 ಡೆಸಿಬೆಲ್ ಇಳಸು, ಪೂರ್ತಿ ಬಂದ್ ಮಾಡಬ್ಯಾಡ. ಇಳಸೂದೂ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವ ಇಳಸು.

ಸಪ್ಪಳನ ಶುದ್ಧ ಮಾಡೂ ವಿಷಯದಾಗ ನಂದ ಒಂದು ಅನುಭವ ಹೇಳ್ತೀನಿ. ಕೆಲವು ವರ್ಷದ ಹಿಂದ ಬ್ಯಾಡಗಿಯೊಳಗ ಮೆಣಸಿನಕಾಯಿ ತೊಟ್ಟು ಬಿಡಿಸೂ ಹೆಣ್ಣುಮಕ್ಕಳ ಮ್ಯಾಲ ಒಂದು ಹತ್ತು ನಿಮಿಷದ್ದು ಮಾಡಿದ್ದೆ. ಘಾಟಿಗೆ ಎಲ್ಲಾರೂ ಕೆಮ್ಮತಿದ್ರು, ಕ್ಯಾಮರಾ ಹಿಡಿದ ನಾನೂ. ಎಡಿಟ್ ಮಾಡೂ ಮುಂದ ಎರಡು ರಾತ್ರಿ ಕೂತು ಒಂದೊಂದ ಕೆಮ್ಮು ಹುಡುಕಿ ತಗದೆ. ಭಾಳ ಸ್ವಚ್ಛ ಆತು ಅಂತ ಸಮಾಧಾನ. ಆ ಹೆಣ್ಣುಮಕ್ಕಳಿಗೇ ಮದ್ಲ ತೋರಿಸಿದೆ. ಮುಗದ ಮ್ಯಾಲ ಒಬ್ಬ ಮುದುಕಿ ಕೇಳಿದ್ಲು: "ಯಪ್ಪಾ, ಇದು ನಮ್ಮ ಕಾಯಿ ಅಲ್ಲೇಳು. ಒಬ್ಬಾಕಿನೂ ಕೆಮ್ಮವಲ್ಲಳು." ಮನಿಗೆ ಬಂದು ಎಲ್ಲಾ ಕೆಮ್ಮು ತಿರಗಿ ಹಾಕಿದೆ. ಅವತ್ತಿನಿಂದ ನಾ ಸಪ್ಪಳ ತಗಿಯೂಕಿಂತ ಮದ್ಲ ಅದು ಯಾರದು ಅಂತ ಕೇಳಿಕೊಳ್ತೀನಿ. ಹಿನ್ನೆಲಿಗೆ ಕೊಳಲು ಹಾಕು ಅಂತ ನಿನಗ ಯಾರರೆ ಹೇಳೇ ಹೇಳ್ತಾರ. ಹಾಕಬ್ಯಾಡ.

ಟ್ಯೂಬ್‌ಲೈಟಿನ ಪಟ್ಟಿ: ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗ್ತೈತಿ. 30 ಫ್ರೇಮಿಗೆ ಅದು ಸಮಾ ಭಾಗ ಆಗಂಗಿಲ್ಲ, ಅದಕ್ಕ ಪಟ್ಟಿ ಹರೀತಾವ. ಇನ್ನೇನರೆ ಶೂಟ್ ಉಳದಿದ್ರ ಫೋನಿನ್ಯಾಗ ಶಟರ್ 1/50 ಇಲ್ಲಾ 1/100ಕ್ಕ ಕಟ್ಟಿ ಹಾಕು. ಆಗಿ ಹೋದದ್ದಕ್ಕ ಒಂದು ಉಪಾಯ ಐತಿ. ರಿಸಾಲ್ವಿನ್ಯಾಗ ಮಿನುಗು ತಗಿಯೂ ಡಿಫ್ಲಿಕರ್ ರೊಕ್ಕಾ ಕೊಟ್ಟವರಿಗೆ ಅಷ್ಟ. ಆದ್ರ 30 ಫ್ರೇಮಿನ ಕ್ಲಿಪ್ಪಿನ್ಯಾಗ ಈ ಪಟ್ಟಿ ಮೂರು ಫ್ರೇಮಿಗೊಮ್ಮೆ ಮೊದಲಿನ ಜಾಗಾಕ್ಕ ಬರ್ತಾವ. ಅದ ಕ್ಲಿಪ್ ಮೂರು ಪದರು ಇಡು, ಎರಡನೇದ್ದು ಒಂದು ಫ್ರೇಮ್ ಸರಸು, ಮೂರನೇದ್ದು ಎರಡು ಫ್ರೇಮ್. ಅಪಾಸಿಟಿ, ಅಂದ್ರ ಪದರಿನ ದಟ್ಟತನ, ಕೆಳಗಿಂದ ಮ್ಯಾಲ ಶೇಕಡಾ 100, 50, 33. ಮೂರೂ ಸಮಾ ಕೂಡಿ ಪಟ್ಟಿ ಭಾಳ ಮಟ್ಟಿಗೆ ಅಳಿಸಿ ಹೋಗ್ತಾವ. ಅಜ್ಜಿ ಮುಖದಂಥ ಸ್ಥಿರ ಶಾಟಿಗೆ ಅಷ್ಟ ಇದು. ಲಾಳಿ ಓಡೂ ಶಾಟಿಗೆ ಹಾಕಿದ್ರ ಮೂರು ಮೂರು ಲಾಳಿ ಕಾಣ್ತಾವ. ಮತ್ತ ಸಿನಿಮಾದಂಗ ಕಾಣಲಿ ಅಂತ ಟೈಮ್‌ಲೈನ್ 24 ಮಾಡಬ್ಯಾಡ, 30ರಾಗ ತಗದೀದಿ, 30ರಾಗ ಮುಗಸು.

ಅಜ್ಜಿ ಶಾಟು ಇಡು. ಆದ್ರ ಪೂರ್ತಿ 3 ನಿಮಿಷ 40 ಸೆಕೆಂಡ್ ಬ್ಯಾಡ. ನಿನ್ನ ಶಾಟಿನ್ಯಾಗ ಒಂದು ಘಟನಾ ಐತಿ: ಎಳಿ ಹರಿತೈತಿ, ಅಕಿ ಕೂಡಸ್ತಾಳ. ಹರಿಯೂದಕ್ಕ ಮದ್ಲ ರಾಟಿ ನಡಿಗಿ ನಮಗ ರೂಢಿ ಆಗೂವಷ್ಟು ಹೊತ್ತು ಬಿಡು, ಕೂಡಿಸಿದ ಮ್ಯಾಲ ರಾಟಿ ಮತ್ತ ಅದ ನಡಿಗಿಗೆ ಬರೂತನಕ ಬಿಡು. ಎರಡು ನಿಮಿಷದ ಒಳಗ ಬರ್ತೈತಿ ಅಂತ ನನ್ನ ಅಂದಾಜು.

ಸಾಧನಕೇರಿ

ಮೇಲಿನವರ ಉಳಿದೆಲ್ಲ ಮಾತಿಗೂ ನನ್ನ ಒಪ್ಪಿಗೆ ಇದೆ, ಅಜ್ಜಿ ಶಾಟ್ ಒಂದನ್ನು ಬಿಟ್ಟು. ಧಾರವಾಡದಲ್ಲಿ ವಿದ್ಯಾರ್ಥಿಗಳ ಕಿರುಚಿತ್ರ ನೋಡಲು ನನ್ನನ್ನು ಕೆಲವು ಸಲ ಕರೆದಿದ್ದಾರೆ. ಒಂದು ಮಧ್ಯಾಹ್ನಕ್ಕೆ ಹತ್ತು-ಹನ್ನೆರಡು ಚಿತ್ರ ನೋಡಬೇಕಾಗುತ್ತದೆ. ಎರಡು ನಿಮಿಷದ ಮೌನ ಎಂದರೆ ನಿಮ್ಮ ಚಿತ್ರದ ಐದನೇ ಒಂದು ಭಾಗ. 40 ಸೆಕೆಂಡ್ ಸಾಕು, ಎಳೆ ಕೂಡಿಸುವಷ್ಟು. ಅಜ್ಜಿಯ ಮೇಲಿನ ಪ್ರೀತಿ ನಿಮಗಿದೆ. ನೋಡುವವನಿಗೆ ಅದು ಬರಬೇಕಾದರೆ ಮೊದಲು ಅವಳು ಯಾರು ಅಂತ ಗೊತ್ತಾಗಬೇಕು.

ಉಣಕಲ್ ಕೆರಿ ದಂಡಿ

ಸರ್, ಕಡೀ ಮಾತು ಖರೇ. ಅಕಿ ಯಾರು ಅಂತ ಮದ್ಲ ಗೊತ್ತಾಗಬೇಕು. ತಂಗಿ, ಅದಕ್ಕ ಆ ಶಾಟು ಶುರುವಿಗೆ ಬ್ಯಾಡ, ಮಗ್ಗದ ಸಪ್ಪಳ ಎಲ್ಲಾಕ್ಕಿಂತ ಜೋರಾದ ಭಾಗ ಮುಗದ ಕೂಡ್ಲೆ ಇಡು. ಅಪ್ಪನ ಕಂಡಿಕಿ ತೀರಿ ಮಗ್ಗ ನಿಲ್ಲಲಿ, ಆ ಖಾಲಿ ಕಂಡಿಕಿ ಅಜ್ಜಿ ಕೈಗೆ ಬರಲಿ. ಐದು ನಿಮಿಷ ಖಟ್-ಟಕ್ ಕೇಳಿದ ಕಿವಿಗೆ ರಾಟಿಯ ಸಣ್ಣ ಸಪ್ಪಳ ಅಷ್ಟ ಸಿಕ್ರ, ಎರಡು ನಿಮಿಷ ಉದ್ದ ಅನಸಂಗಿಲ್ಲ. 40 ಸೆಕೆಂಡಿಂದೂ ಒಂದು ಕಟ್ ಮಾಡಿ ಎರಡೂ ನೋಡು. ನೋಡೂ ಮುಂದ ಪರದೆ ನೋಡಬ್ಯಾಡ, ನೋಡೂವರ ಮಾರಿ ನೋಡು.

ಅಕ್ಷರ ಜೋಡಿಸುವವ

ಗದಗಿನ ಒಂದು ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ನನ್ನದು. ಒತ್ತಕ್ಷರದ ವಿಷಯಕ್ಕೆ ಬರುತ್ತೇನೆ. ಯೂನಿಕೋಡ್‌ನಲ್ಲಿ "ಗ್ಗ" ಅನ್ನುವುದು ಒಂದು ಅಕ್ಷರ ಅಲ್ಲ, ಗ, ಹಲಂತ, ಮತ್ತೆ ಗ, ಹೀಗೆ ಮೂರು ಸಂಕೇತ. ಅವನ್ನು ಕೂಡಿಸಿ ಒತ್ತು ಮಾಡುವುದು ಸಾಫ್ಟ್‌ವೇರ್‌ನ ಕೆಲಸ. ಅದಕ್ಕೆ ಆ ಕೆಲಸ ಬರದಿದ್ದರೆ ನಿಮಗೆ ಕಂಡಂತೆ ಒಡೆದು ನಿಲ್ಲುತ್ತದೆ. ನಮ್ಮ ಕಡೆ ಬಹಳ ವಿಡಿಯೊದವರು ಇವತ್ತಿಗೂ ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್ ಬಳಸುವುದು ಇದೇ ಕಾರಣಕ್ಕೆ. ಅಲ್ಲಿ ಒತ್ತು ತುಂಡು ತುಂಡಾಗಿ ಫಾಂಟ್‌ನಲ್ಲೇ ಕೂತಿರುತ್ತದೆ, ಸಾಫ್ಟ್‌ವೇರ್ ಏನೂ ಮಾಡಬೇಕಾಗಿಲ್ಲ. ಆದರೆ ಅದೇ ಅಕ್ಷರ ಸಬ್‌ಟೈಟಲ್ ಫೈಲ್‌ಗೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಆ ಸಬ್‌ಟೈಟಲ್ ಫೈಲ್ (ಎಸ್‌ಆರ್‌ಟಿ) ಏನಿದ್ದರೂ ಯೂನಿಕೋಡ್‌ನಲ್ಲೇ ಇರಬೇಕು, ಉಳಿಸುವಾಗ ಯುಟಿಎಫ್-8 ಅಂತ ಆರಿಸಿ.

ಟೈಟಲ್‌ಗೆ ಸುಲಭ ದಾರಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್. ಉಚಿತ, ಕನ್ನಡ ಸರಿಯಾಗಿ ಕೂಡಿಸುತ್ತದೆ. 1920×1080 ಪುಟ ಮಾಡಿ, ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ ಫಾಂಟ್‌ನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕ ಇರುವ ಪಿಎನ್‌ಜಿ ತೆಗೆದು ಟೈಮ್‌ಲೈನ್‌ಗೆ ಹಾಕಿ. ಕಾಲೇಜಿನ ಲ್ಯಾಬ್‌ನಲ್ಲಿ ಪ್ರೀಮಿಯರ್ ಪ್ರೊ ಇದ್ದರೆ ಅದರ ಗ್ರಾಫಿಕ್ಸ್ ಪ್ರಿಫರೆನ್ಸ್‌ನಲ್ಲಿ ಸೌತ್ ಏಷ್ಯನ್ ಪಠ್ಯದ ಆಯ್ಕೆ ಇದೆ, ಅದನ್ನು ಆರಿಸಿದರೆ ಅಲ್ಲೂ ಸರಿಹೋಗುತ್ತದೆ.

ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಜಾಗ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಎರಡೂ ಓದಲು ಬರುವುದಿಲ್ಲ. ಇನ್ನೊಂದು ಮಾತು, ಕೊನೆಯ ಹೆಸರುಗಳ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಬೇರೆಯವರಿಂದ ಓದಿಸಿ. ಪರದೆಯ ಮೇಲೆ ತಪ್ಪು ಕಾಣುವುದಿಲ್ಲ. ಹೆಸರು ತಪ್ಪಾದರೆ ಆ ಮನುಷ್ಯನಿಗೆ ಆಗುವ ನೋವು ನಾನು ಲಗ್ನಪತ್ರಿಕೆಗಳಲ್ಲಿ ನೋಡಿದ್ದೇನೆ.

ಬೆಟಗೇರಿ ಹುಡುಗಿ

ಒಂಬತ್ತು ದಿನ ಆಯಿತು, ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಹಳೆಯ ಟೈಮ್‌ಲೈನ್ ಪಕ್ಕಕ್ಕಿಟ್ಟು ಹೊಸದಾಗಿ ಹಾಸು ಕಟ್ಟಿದೆ. ಬೆಳಗಿನದು 6 ನಿಮಿಷ 10 ಸೆಕೆಂಡ್ ನಿಲ್ಲದೆ ಸಿಕ್ಕಿತು. ಚಿತ್ರ ಕೂಡಿಸುತ್ತಾ ಹೋದಂತೆ ನಾನು ಬಹಳ ಪ್ರೀತಿಸಿದ್ದ ಏಳೆಂಟು ಶಾಟ್ ತಾವಾಗಿಯೇ ಹೊರಗೆ ಬಿದ್ದವು, ಅವಕ್ಕೆ ಜಾಗವೇ ಇರಲಿಲ್ಲ. ಈಗ ಒಟ್ಟು 9 ನಿಮಿಷ 46 ಸೆಕೆಂಡ್.

ಅಪ್ಪನ ಮಾತನ್ನು ಬೆಳಗಿನ ಐದಕ್ಕೆ ರೆಕಾರ್ಡ್ ಮಾಡಿದೆ, ಆರು ಕೌದಿ ಕಟ್ಟಿ. ಮೊದಲ ಸಲ ನೇಯುತ್ತಾ "ಇದು ನಮ್ಮ ಕಸುಬು" ಅಂತಷ್ಟೇ ಅಂದಿದ್ದರು. ಈ ಸಲ ಮಗ್ಗ ನಿಂತಿತ್ತು, ಸುತ್ತ ಕತ್ತಲೆ ಇತ್ತು, ತಾವು ಮೊದಲ ಸೀರೆ ನೇಯ್ದ ದಿನ ಅಂಚಿನಲ್ಲಿ ತಪ್ಪಿದ್ದನ್ನೂ ತಾತ ಬೈಯದೆ ಅದನ್ನು ಬಿಚ್ಚಿ ತೋರಿಸಿದ್ದನ್ನೂ ಹೇಳಿದರು. ನನಗೆ ಇದು ಗೊತ್ತೇ ಇರಲಿಲ್ಲ. ಆ ಮಾತು ಹಾಗೇ ಇದೆ, ಒಂದು ಕಡೆಯೂ ಕತ್ತರಿಸಿಲ್ಲ.

ಅಜ್ಜಿ ಶಾಟ್ ಎರಡೂ ರೀತಿ ಮಾಡಿ ಓಣಿಯ ನಾಲ್ವರಿಗೆ ತೋರಿಸಿದೆ, ಅವರ ಮುಖ ನೋಡುತ್ತಾ ಕೂತೆ. 40 ಸೆಕೆಂಡಿನದರಲ್ಲಿ ಎಳೆ ಹರಿದಾಗ ಯಾರಿಗೂ ಏನೂ ಆಗಲಿಲ್ಲ. 1 ನಿಮಿಷ 52 ಸೆಕೆಂಡಿನದರಲ್ಲಿ ಎಳೆ ಹರಿದ ಕೂಡಲೇ ಪಕ್ಕದ ಮನೆ ಅತ್ತೆ "ಅಯ್ಯ" ಅಂದರು. ಅದನ್ನೇ ಇಟ್ಟಿದ್ದೇನೆ. ಸಾಧನಕೇರಿ ಸರ್, ನೀವು ಹೇಳಿದ್ದಕ್ಕೇ ಅದಕ್ಕಿಂತ ಮೊದಲು ಅಪ್ಪ ಅಜ್ಜಿಯನ್ನು ಕೂಗಿ ಕಂಡಿಕೆ ಕೇಳುವ ಒಂದು ಶಾಟ್ ಸೇರಿಸಿದೆ. ಮೂರು ಪದರದ ಉಪಾಯಕ್ಕೆ ಪಟ್ಟೆ ಹೋದವು, ಅಜ್ಜಿಯ ಬೆರಳು ಮಾತ್ರ ಸ್ವಲ್ಪ ಮಸುಕಾಯಿತು. ಟೈಟಲ್‌ನಲ್ಲಿ "ಮಗ್ಗ" ಕೂಡಿ ನಿಂತಿದೆ.

ನಿನ್ನೆ ರಾತ್ರಿ ಅಪ್ಪನಿಗೆ ತೋರಿಸಿದೆ. ಮಾತಾಡದೆ ನೋಡಿದರು. ಮುಗಿದ ಮೇಲೆ ಒಂದು ಜಾಗ ಮತ್ತೆ ಹಾಕು ಅಂದರು. ನಾಲ್ಕನೇ ನಿಮಿಷದ ಹತ್ತಿರ, ಕೈ ಮತ್ತು ಲಾಳಿ ಎರಡೂ ಕಾಣುವ ಶಾಟ್. ಬೆರಳು ಇಟ್ಟು ತೋರಿಸಿದರು: "ಇಲ್ಲಿ ನೋಡು, ಲಾಳಿ ಇನ್ನಾ ದಾರ್‍ಯಾಗ ಐತಿ, ಪೆಟ್ಟು ಬಿದ್ದಬಿಟ್ಟೈತಿ. ಹಂಗ ಬಿದ್ರ ಎಳಿ ಹರಿತಾವ." ನಾನು ಆ ಶಾಟ್ ನೂರು ಸಲ ನೋಡಿದ್ದೆ. ಫ್ರೇಮ್ ಫ್ರೇಮ್ ಎಣಿಸಿದರೆ ಸಪ್ಪಳ ನಾಲ್ಕು ಫ್ರೇಮ್ ಮುಂದಿತ್ತು.

ನಾಲ್ಕು ಫ್ರೇಮ್ ಸರಿಸಿದೆ. ಅಪ್ಪ ಮತ್ತೊಮ್ಮೆ ನೋಡಿ "ಈಗ ಬರೋಬರಿ" ಅಂದು ಮಲಗಲು ಹೋದರು. ಎಕ್ಸ್‌ಪೋರ್ಟ್‌ಗೆ ಹಾಕಿದ್ದೇನೆ.